ಔಷಧದಾನವೂ ಅಭಯದಾನವೂ: ಯಕೃತ್ತಿನ ಜೀವಕೋಶಗಳು ಒಡ್ಡುವ ಒಂದು ಪ್ರಶ್ನೆ

ಆಹಾರ, ಔಷಧ, ಶಾಸ್ತ್ರ ಮತ್ತು ಅಭಯ ಎಂಬ ಚತುರ್ವಿಧ ದಾನವು ಶ್ರಾವಕನ ನಿತ್ಯಧರ್ಮವೆಂದು ಜೈನಾಚಾರ್ಯರು ಬೋಧಿಸಿದ್ದಾರೆ. ಹಸಿದವನಿಗೆ ಅನ್ನ, ರೋಗಿಗೆ ಮದ್ದು, ತಿಳಿವಳಿಕೆ ಬೇಡುವವನಿಗೆ ವಿದ್ಯೆ, ಭಯಗ್ರಸ್ತ ಪ್ರಾಣಿಗೆ ಪ್ರಾಣದ ಭರವಸೆ. ಇವು ನಾಲ್ಕೂ ಒಂದೇ ಕರುಣೆಯಿಂದ ಹೊರಟ ನಾಲ್ಕು ಕಾಲುವೆಗಳು. ಒಂದು ದಾನವು ಇನ್ನೊಂದಕ್ಕೆ ಅಡ್ಡಿಯಾಗುವ ಸಂದರ್ಭವನ್ನು ಪೂರ್ವಕಾಲದ ಶ್ರಾವಕರು ಅಷ್ಟಾಗಿ ಕಂಡಿರಲಾರರು. ಆದರೆ ಆಧುನಿಕ ವೈದ್ಯವು ಅಂತಹ ಸಂದರ್ಭವನ್ನು ಪ್ರತಿಯೊಂದು ಮನೆಯ ಔಷಧದ ಡಬ್ಬಿಯೊಳಗೂ ತಂದಿರಿಸಿದೆ.

ಇಂದು ಅಂಗಡಿಯಲ್ಲಿ ದೊರೆಯುವ ಆಧುನಿಕ ಔಷಧಗಳಲ್ಲಿ ಬಹುತೇಕ ಎಲ್ಲವೂ ಮನುಷ್ಯನ ಬಾಯಿಗೆ ಬರುವುದಕ್ಕೆ ಮೊದಲು ಇಲಿ, ಮೊಲ, ನಾಯಿ, ಕೋತಿ ಮೊದಲಾದ ಪ್ರಾಣಿಗಳ ಮೇಲೆ ಪರೀಕ್ಷಿತವಾದವು. ರೋಗಿಗೆ ಔಷಧದಾನ ಮಾಡುವ ಕೈಯೇ, ದೂರದ ಪ್ರಯೋಗಾಲಯದಲ್ಲಿ ಪಂಜರದೊಳಗಿದ್ದ ಪ್ರಾಣಿಗೆ ಅಭಯವನ್ನು ನಿರಾಕರಿಸಿದಂತಾಯಿತೇ? ಔಷಧವನ್ನು ಬಿಟ್ಟರೆ ರೋಗಿಯ ಮೇಲೆ ನಿರ್ದಯೆ. ಔಷಧವನ್ನು ಕೊಟ್ಟರೆ ಪ್ರಾಣಿಯ ಹಿಂಸೆಗೆ ಅನುಮೋದನೆ. ಈ ಇಕ್ಕಟ್ಟಿನಿಂದ ಹೊರಬರುವ ದಾರಿಯೊಂದನ್ನು ವಿಜ್ಞಾನವೇ ಕ್ರಮೇಣ ತೆರೆಯುತ್ತಿದೆ. ಮನುಷ್ಯನ ಯಕೃತ್ತಿನ, ಅಂದರೆ ಲಿವರಿನ, ಜೀವಕೋಶಗಳನ್ನು ಶರೀರದ ಹೊರಗೆ ತಟ್ಟೆಯಲ್ಲಿ ಬೆಳೆಸಿ, ಔಷಧದ ಗುಣದೋಷಗಳನ್ನು ಅವುಗಳ ಮೇಲೆಯೇ ಪರೀಕ್ಷಿಸುವುದು ಆ ದಾರಿ. ಅದು ಎಷ್ಟರಮಟ್ಟಿಗೆ ಅಹಿಂಸೆಯ ದಾರಿ ಎಂಬುದನ್ನು ಧರ್ಮದ ತಕ್ಕಡಿಯಲ್ಲಿಟ್ಟು ತೂಗಿ ನೋಡುವುದು ಈ ಲೇಖನದ ಉದ್ದೇಶ.

ಪೂರ್ವಾಚಾರ್ಯರ ವೈದ್ಯಮಾರ್ಗ

ಔಷಧದ ವಿಷಯದಲ್ಲಿ ಅಹಿಂಸೆಯ ಪ್ರಶ್ನೆಯನ್ನೆತ್ತುವುದು ಹೊಸತೇನಲ್ಲ. ಕ್ರಿ.ಶ. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ರಚಿಸಿದ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವು ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯನ್ನು ಪ್ರತಿಪಾದಿಸುತ್ತದೆ. ಔಷಧದಲ್ಲಿ ಮಾಂಸದ ಅಗತ್ಯವಿಲ್ಲವೆಂದು ಅವರು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗ ಅಮೋಘವರ್ಷನ ಸಭೆಯಲ್ಲಿ ವಾದಿಸಿದರೆಂಬ ಪ್ರತೀತಿಯಿದೆ. ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಮುದ್ರಿತವಾಗಿ ಹೊರಬಂದುದು ಗಡಿನಾಡಿನ ಕನ್ನಡ ಮತ್ತು ಮರಾಠಿ ಜೈನ ಬಂಧುಗಳೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ. ಕನ್ನಡದಲ್ಲಿಯೂ 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಆಧರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು. 14ನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಚಿಕಿತ್ಸೆಯನ್ನು ನಿರೂಪಿಸಿದನು.

ಈ ವೈದ್ಯರ ಪರಂಪರೆಯಿಂದ ಕಲಿಯಬೇಕಾದ ಮುಖ್ಯ ಪಾಠವೊಂದಿದೆ. ಹಿಂಸೆಯಿಂದ ಬಂದ ಔಷಧ ಬೇಡವೆಂದು ಅವರು ರೋಗಿಯನ್ನು ಹಾಗೆಯೇ ಬಿಟ್ಟುಬಿಡಲಿಲ್ಲ. ಹಿಂಸೆಯಿಲ್ಲದ ಔಷಧವನ್ನು ಹುಡುಕಿ ಕೊಟ್ಟರು. ಮದ್ದಿಗೆ ಅನುಪಾನವಾಗಿ ಜೇನು ಬೇಡವೆಂದವರು ಸಕ್ಕರೆಯನ್ನೋ ತುಪ್ಪವನ್ನೋ ಸೂಚಿಸಿದರು. ನಿಷೇಧದೊಡನೆ ಪರ್ಯಾಯವನ್ನೂ ಒದಗಿಸುವುದು ಜೈನ ವೈದ್ಯರ ಮಾರ್ಗವಾಗಿತ್ತು. ಇಂದು ಕ್ಯಾಪ್ಸೂಲಿನ ಹೊರಕವಚವು ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತೆಗೆದ ಜಿಲೆಟಿನ್ನಿನದೋ ಅಥವಾ ಸಸ್ಯಮೂಲದ್ದೋ ಎಂದು ಅಂಗಡಿಯಲ್ಲಿ ವಿಚಾರಿಸುವ ಶ್ರಾವಿಕೆಯು ಈ ಪರಂಪರೆಯನ್ನೇ ಮುಂದುವರಿಸುತ್ತಿದ್ದಾಳೆ. ಆದರೆ ಕವಚದ ಪ್ರಶ್ನೆಗಿಂತ ಆಳವಾದುದು ಕವಚದೊಳಗಿನ ಔಷಧದ ಹಿಂದಿರುವ ಪರೀಕ್ಷೆಯ ಪ್ರಶ್ನೆ.

ಯಕೃತ್ತೆಂಬ ಸುಂಕದಕಟ್ಟೆ

ಔಷಧ ಪರೀಕ್ಷೆಯಲ್ಲಿ ಯಕೃತ್ತಿಗೇ ಇಷ್ಟು ಪ್ರಾಧಾನ್ಯವೇಕೆ? ನುಂಗಿದ ಗುಳಿಗೆಯು ಕರುಳಿನಲ್ಲಿ ಕರಗಿ ರಕ್ತವನ್ನು ಸೇರಿದ ಮೇಲೆ ನೇರವಾಗಿ ಶರೀರದ ಎಲ್ಲೆಡೆಗೂ ಹೋಗುವುದಿಲ್ಲ. ಕರುಳಿನಿಂದ ಹೊರಟ ರಕ್ತವು ಮೊದಲು ಯಕೃತ್ತನ್ನು ಹಾದುಹೋಗಬೇಕು. ಗಡಿಯ ಸುಂಕದಕಟ್ಟೆಯಲ್ಲಿ ಪ್ರತಿಯೊಂದು ಗಾಡಿಯ ಸರಕನ್ನೂ ಬಿಚ್ಚಿ ನೋಡುವಂತೆ, ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗವು ಒಳಬಂದ ಪದಾರ್ಥವನ್ನು ಒಡೆದು, ಬದಲಾಯಿಸಿ, ಬೇಡವಾದುದನ್ನು ಪಿತ್ತದ ಮೂಲಕವೋ ಮೂತ್ರದ ಮೂಲಕವೋ ಹೊರಹಾಕಲು ಸಿದ್ಧಗೊಳಿಸುತ್ತದೆ. ಈ ಕಾರ್ಯವನ್ನು ನಡೆಸುವ ಕಿಣ್ವಗಳಲ್ಲಿ ಸೈಟೋಕ್ರೋಮ್ ಪಿ-450 ಎಂಬ ಗುಂಪು ಪ್ರಮುಖವಾದುದು.

ಆದರೆ ಕೆಲವೊಮ್ಮೆ ಈ ಬದಲಾವಣೆಯಲ್ಲಿಯೇ ವಿಷವು ಹುಟ್ಟುವುದುಂಟು. ಜ್ವರಕ್ಕೆ ಮನೆಮನೆಯಲ್ಲಿ ಬಳಸುವ ಪ್ಯಾರಾಸಿಟಮಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಆ ಔಷಧವು ಮಿತಿಯಲ್ಲಿದ್ದಾಗ ನಿರಪಾಯಕರ. ಅದರ ಒಂದು ಸಣ್ಣ ಅಂಶವನ್ನು ಯಕೃತ್ತಿನ ಕಿಣ್ವಗಳು ವಿಷವಾಗಿ ಮಾರ್ಪಡಿಸುತ್ತವೆ. ಕೋಶದೊಳಗಿರುವ ಗ್ಲುಟಥಯೋನ್ ಎಂಬ ದ್ರವ್ಯವು ಅದನ್ನು ಕೂಡಲೇ ಶಮನಗೊಳಿಸುತ್ತದೆ. ಮಿತಿಮೀರಿ ಸೇವಿಸಿದಾಗ ಆ ದ್ರವ್ಯದ ದಾಸ್ತಾನು ಖಾಲಿಯಾಗಿ, ಉಳಿದ ವಿಷವು ಕೋಶಗಳನ್ನೇ ಕೊಲ್ಲುತ್ತದೆ. ರಕ್ತಪರೀಕ್ಷೆಯ ವರದಿಯಲ್ಲಿ ಎಸ್.ಜಿ.ಪಿ.ಟಿ. ಎಂಬ ಅಂಕಿ ಏರಿರುವುದನ್ನು ಎಷ್ಟೋ ಮಂದಿ ಕಂಡಿದ್ದಾರೆ. ಅದು ಗಾಯಗೊಂಡ ಯಕೃತ್ತಿನ ಕೋಶಗಳಿಂದ ರಕ್ತಕ್ಕೆ ಸೋರಿದ ಕಿಣ್ವದ ಲೆಕ್ಕ. ಮಾರುಕಟ್ಟೆಗೆ ಬಂದ ಮೇಲೂ ಯಕೃತ್ತಿಗೆ ಹಾನಿ ಮಾಡಿದ ಕಾರಣ ಹಿಂದೆಗೆಯಲ್ಪಟ್ಟ ಔಷಧಗಳು ಹಲವು. ಮಧುಮೇಹಕ್ಕೆಂದು ಬಂದ ಟ್ರೋಗ್ಲಿಟಜೋನ್ ಅಮೆರಿಕದಲ್ಲಿ 1997ರಲ್ಲಿ ಅನುಮತಿ ಪಡೆದು, 2000ದಲ್ಲಿ ಯಕೃತ್ತಿನ ವೈಫಲ್ಯದ ಪ್ರಕರಣಗಳಿಂದಾಗಿ ಹಿಂದೆ ಸರಿಯಬೇಕಾಯಿತು.

ತಟ್ಟೆಯಲ್ಲಿ ಕೋಶದ ಬೆಳವಣಿಗೆ ಮತ್ತು ಕಾರ್ಯ

ಯಕೃತ್ತಿನ ಕೋಶಗಳನ್ನು ಜೀವಂತವಾಗಿ ಬಿಡಿಬಿಡಿಯಾಗಿ ಬೇರ್ಪಡಿಸುವ ಕ್ರಮವನ್ನು 1969ರಲ್ಲಿ ಬೆರ್ರಿ ಮತ್ತು ಫ್ರೆಂಡ್ ಎಂಬ ವಿಜ್ಞಾನಿಗಳು ಇಲಿಯ ಯಕೃತ್ತಿನಲ್ಲಿ ಸಾಧಿಸಿ ಪ್ರಕಟಿಸಿದರು. ಕೋಶಗಳನ್ನು ಬಂಧಿಸಿರುವ ಅಂಟನ್ನು ಕರಗಿಸುವ ಕಿಣ್ವವನ್ನು ರಕ್ತನಾಳದ ಮೂಲಕ ಹರಿಸುವುದು ಆ ಕ್ರಮದ ತಿರುಳು. ಅನಂತರ ಮನುಷ್ಯನ ಯಕೃತ್ತಿಗೂ ಅದನ್ನು ಅಳವಡಿಸಲಾಯಿತು. ಕಸಿಗೆ ಯೋಗ್ಯವಲ್ಲವೆಂದು ಬಿಟ್ಟ ದಾನಿಗಳ ಯಕೃತ್ತಿನಿಂದ, ಅಥವಾ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಭಾಗದಿಂದ ಕೋಶಗಳನ್ನು ಪಡೆದು, ಪೋಷಕ ದ್ರವವುಳ್ಳ ತಟ್ಟೆಯಲ್ಲಿ 37 ಡಿಗ್ರಿ ಉಷ್ಣತೆಯಲ್ಲಿರಿಸುತ್ತಾರೆ. ಆಮೇಲೆ ಔಷಧವನ್ನು ಬೆರೆಸಿ ಎರಡು ಸಂಗತಿಗಳನ್ನು ಅಳೆಯುತ್ತಾರೆ. ಕೋಶಗಳು ಬದುಕಿ ವೃದ್ಧಿಯಾಗುತ್ತಿವೆಯೇ ಎಂಬುದು ಒಂದು. ಆಲ್ಬುಮಿನ್ ತಯಾರಿಸುವುದು, ಅಮೋನಿಯವನ್ನು ಯೂರಿಯವಾಗಿಸುವುದು, ಔಷಧವನ್ನು ಒಡೆಯುವುದು ಮೊದಲಾದ ತಮ್ಮ ಕಾರ್ಯವನ್ನು ನಡೆಸುತ್ತಿವೆಯೇ ಎಂಬುದು ಇನ್ನೊಂದು.

ಇಲ್ಲಿ ವಿಜ್ಞಾನಿಗಳು ಕಂಡ ಒಂದು ವಿಚಿತ್ರವು ಧರ್ಮಜಿಜ್ಞಾಸುಗಳೂ ಮನನ ಮಾಡತಕ್ಕದ್ದು. ಬೆಳವಣಿಗೆಯೂ ಕಾರ್ಯವೂ ಈ ಕೋಶಗಳಲ್ಲಿ ಸಾಮಾನ್ಯವಾಗಿ ಜೊತೆಜೊತೆಯಾಗಿ ನಡೆಯುವುದಿಲ್ಲ. ಆರೋಗ್ಯವಂತ ಯಕೃತ್ತಿನಿಂದ ತಂದ ಕೋಶವು ತಟ್ಟೆಯಲ್ಲಿ ಹೆಚ್ಚಾಗಿ ವೃದ್ಧಿಯಾಗುವುದಿಲ್ಲ. ಬರಿಯ ತಟ್ಟೆಯ ಮೇಲಿಟ್ಟರೆ ಕೆಲವೇ ದಿನಗಳಲ್ಲಿ ತನ್ನ ಕಾರ್ಯವನ್ನೂ ಮರೆಯತೊಡಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಗಡ್ಡೆಯಿಂದ ತೆಗೆದ ಕೋಶಗಳು ವರ್ಷಾನುಗಟ್ಟಲೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಲೇ ಇರುತ್ತವೆ. 1970ರ ದಶಕದಲ್ಲಿ ಅರ್ಜೆಂಟೀನಾ ದೇಶದ 15 ವರ್ಷದ ಬಾಲಕನೊಬ್ಬನ ಯಕೃತ್ತಿನ ಗಡ್ಡೆಯಿಂದ ಪಡೆದ ‘ಹೆಪ್-ಜಿ-2’ ಎಂಬ ಕೋಶಸಂತತಿಯು ಇಂದಿಗೂ ಲೋಕದ ಅಸಂಖ್ಯ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿದೆ. ಆದರೆ ಔಷಧವನ್ನು ಒಡೆಯುವ ಅದರ ಶಕ್ತಿಯು ಬಹಳ ಕ್ಷೀಣ. ಆದ್ದರಿಂದ ಪ್ಯಾರಾಸಿಟಮಾಲಿನಂತೆ ಯಕೃತ್ತಿನೊಳಗೇ ವಿಷವಾಗಿ ಮಾರ್ಪಡುವ ಔಷಧದ ಅಪಾಯವನ್ನು ಅದು ಸರಿಯಾಗಿ ತೋರಿಸಲಾರದು. 2002ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪ್ರಕಟಿಸಿದ ‘ಹೆಪಾ-ಆರ್-ಜಿ’ ಎಂಬ ಸಂತತಿಯಲ್ಲಿ ಬೆಳವಣಿಗೆಯನ್ನು ನಿಲ್ಲಿಸಿ, ಪೋಷಕ ದ್ರವದಲ್ಲಿ ಡಿ.ಎಂ.ಎಸ್.ಓ. ಎಂಬ ದ್ರಾವಕವನ್ನು ಬೆರೆಸಿ ಕೆಲವು ವಾರ ಕಾಯಬೇಕು. ಆಗ ಮಾತ್ರ ಅದು ಯಕೃತ್ತಿನ ಕಾರ್ಯವನ್ನು ಚೆನ್ನಾಗಿ ಮಾಡತೊಡಗುತ್ತದೆ.

ವೃದ್ಧಿಗೆ ಮಿತಿ ಹಾಕಿದಾಗಲೇ ಕರ್ತವ್ಯವು ಜಾಗೃತವಾಗುತ್ತದೆ ಎಂಬ ಈ ಪಾಠವನ್ನು ಪರಿಗ್ರಹಪರಿಮಾಣ ವ್ರತವನ್ನು ಬಲ್ಲ ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಾಣಿಯ ಸಾಕ್ಷ್ಯ, ಮನುಷ್ಯನ ಸಾಕ್ಷ್ಯ

ಮನುಷ್ಯನ ಹಿತಕ್ಕಾಗಿ ಪ್ರಾಣಿಯು ಬಲಿಯಾಗುವುದು ಅನಿವಾರ್ಯವೆಂದು ವಾದಿಸುವವರು, ಪ್ರಾಣಿಯಲ್ಲಿ ಕಂಡದ್ದೇ ಮನುಷ್ಯನಲ್ಲಿಯೂ ಕಾಣುವುದೆಂದು ಮೊದಲೇ ಒಪ್ಪಿಕೊಂಡಿರುತ್ತಾರೆ. ಯಕೃತ್ತಿನ ವಿಷಯದಲ್ಲಿ ಈ ಒಪ್ಪಿಗೆಯು ಅನೇಕ ಸಲ ಹುಸಿಯಾಗಿದೆ.

ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಔಷಧವನ್ನು ಮನುಷ್ಯನ ಯಕೃತ್ತಿನ ಕೋಶಗಳಿಗೆ ಬೆರೆಸಿದರೆ, ಔಷಧಗಳನ್ನು ಒಡೆಯುವ ಒಂದು ಮುಖ್ಯ ಕಿಣ್ವದ ಉತ್ಪಾದನೆಯು ಬಹಳವಾಗಿ ಹೆಚ್ಚುತ್ತದೆ. ಆದಕಾರಣವೇ ಕ್ಷಯದ ಚಿಕಿತ್ಸೆಯಲ್ಲಿರುವವರಿಗೆ ಗರ್ಭನಿರೋಧಕ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮುಂತಾದ ಔಷಧಗಳು ಬೇಗ ಒಡೆದುಹೋಗಿ ನಿಷ್ಫಲವಾಗುವ ಸಂಭವವಿದೆ. ಇಲಿಯ ಕೋಶಗಳಲ್ಲಿಯಾದರೋ ರಿಫಾಂಪಿಸಿನ್ ಈ ಪರಿಣಾಮವನ್ನು ಅಷ್ಟಾಗಿ ಉಂಟುಮಾಡುವುದಿಲ್ಲ. ಔಷಧವನ್ನು ಗುರುತಿಸುವ ಗ್ರಾಹಕದ ರಚನೆಯು ಇಲಿಯಲ್ಲಿ ಬೇರೆ, ಮನುಷ್ಯನಲ್ಲಿ ಬೇರೆ. ಅಪಸ್ಮಾರಕ್ಕೆ ಕೊಡುವ ಫಿನೋಬಾರ್ಬಿಟಾಲ್ ಇಲಿಯ ಯಕೃತ್ತಿನ ಕೋಶಗಳನ್ನು ವೃದ್ಧಿಯಾಗುವಂತೆ ಪ್ರಚೋದಿಸಿ, ಬಹುಕಾಲ ಕೊಟ್ಟಾಗ ಗಡ್ಡೆಗಳಿಗೂ ಕಾರಣವಾಗುತ್ತದೆ. ತಟ್ಟೆಯಲ್ಲಿರುವ ಮನುಷ್ಯನ ಕೋಶಗಳಲ್ಲಿ ಅದು ಕಿಣ್ವಗಳ ಕಾರ್ಯವನ್ನು ಹೆಚ್ಚಿಸುತ್ತದೆಯಾದರೂ ಕೋಶಗಳ ವೃದ್ಧಿಯನ್ನು ಪ್ರಚೋದಿಸುವುದಿಲ್ಲ. ಅದನ್ನು ದೀರ್ಘಕಾಲ ಸೇವಿಸಿದ ರೋಗಿಗಳ ಅಧ್ಯಯನಗಳಲ್ಲಿಯೂ ಯಕೃತ್ತಿನ ಗಡ್ಡೆಗೆ ಈ ಔಷಧವೇ ಕಾರಣವೆಂದು ಸಿದ್ಧವಾಗಲಿಲ್ಲ.

ಇದಕ್ಕಿಂತ ದಾರುಣವಾದುದು 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸಂಭವಿಸಿತು. ಕಾಮಾಲೆಯನ್ನುಂಟುಮಾಡುವ ಹೆಪಟೈಟಿಸ್-ಬಿ ಸೋಂಕಿಗೆ ಫಿಯಾಲುರಿಡಿನ್ ಎಂಬ ಹೊಸ ಔಷಧವನ್ನು 15 ರೋಗಿಗಳಿಗೆ ಕೊಡಲಾಯಿತು. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಅದು ಯಕೃತ್ತಿಗೆ ಇಂತಹ ಕೇಡು ಮಾಡುವುದೆಂಬ ಸೂಚನೆ ದೊರೆತಿರಲಿಲ್ಲ. ಆದರೆ ವಾರಗಳು ಕಳೆದಂತೆ ರೋಗಿಗಳಲ್ಲಿ 7 ಮಂದಿಯ ಯಕೃತ್ತು ಕುಸಿಯಿತು. 5 ಮಂದಿ ತೀರಿಕೊಂಡರು. ಇಬ್ಬರು ಯಕೃತ್ತಿನ ಕಸಿಯಿಂದ ಬದುಕಿದರು. ಕೋಶದೊಳಗೆ ಶಕ್ತಿಯನ್ನು ಉತ್ಪಾದಿಸುವ ಮೈಟೊಕಾಂಡ್ರಿಯವನ್ನು ಆ ಔಷಧವು ಮನುಷ್ಯನಲ್ಲಿ ಪ್ರವೇಶಿಸಬಲ್ಲುದಾಗಿತ್ತು, ಇಲಿಯಲ್ಲಿ ಪ್ರವೇಶಿಸದು ಎಂದು ಅನಂತರದ ಸಂಶೋಧನೆಯಿಂದ ತಿಳಿದುಬಂದಿತು. ಅಲ್ಲಿ ಪ್ರಾಣಿಗಳೂ ಹತವಾದವು, ಮನುಷ್ಯರೂ ಉಳಿಯಲಿಲ್ಲ. ಅಭಯದಾನವನ್ನು ಬಿಟ್ಟುಕೊಟ್ಟರೂ ಔಷಧದಾನವು ಕೈಗೂಡಲಿಲ್ಲ.

ಹಾಗೆಂದು ಪ್ರಾಣಿಪರೀಕ್ಷೆಯಿಂದ ಎಂದೂ ಯಾರಿಗೂ ಉಪಕಾರವಾಗಿಲ್ಲವೆಂದು ಹೇಳುವುದು ಸತ್ಯವ್ರತಕ್ಕೆ ಒಪ್ಪುವ ಮಾತಲ್ಲ. ಎಷ್ಟೋ ವಿಷಕರ ಪದಾರ್ಥಗಳು ಆ ಹಂತದಲ್ಲಿಯೇ ತಡೆಯಲ್ಪಟ್ಟಿವೆ. ತಟ್ಟೆಯ ಕೋಶವೂ ಸರ್ವಜ್ಞನಲ್ಲ. ಹೃದಯ, ಮೆದುಳು, ಗರ್ಭಸ್ಥ ಶಿಶು ಇವುಗಳ ಮೇಲೆ ಔಷಧದ ಪರಿಣಾಮವನ್ನು ಯಕೃತ್ತಿನ ಕೋಶ ಹೇಳಲಾರದು. ತಿಂಗಳುಗಳ ಅನಂತರ ತೋರುವ ಕೇಡನ್ನು ಕೆಲವು ದಿನಗಳ ಪರೀಕ್ಷೆ ಕಾಣಲಾರದು. ಆದರೂ ದಾರಿಯು ಮುಂದುವರಿಯುತ್ತಿದೆ. ಸಣ್ಣ ಪಟ್ಟಿಯೊಂದರೊಳಗೆ ಸೂಕ್ಷ್ಮ ಕಾಲುವೆಗಳನ್ನು ಮಾಡಿ, ಮನುಷ್ಯನ ಯಕೃತ್ತಿನ ಬೇರೆಬೇರೆ ಬಗೆಯ ಕೋಶಗಳನ್ನು ಒಟ್ಟಿಗೆ ಇರಿಸಿ, ರಕ್ತದಂತೆ ದ್ರವವನ್ನು ಹರಿಸುವ ‘ಲಿವರ್ ಚಿಪ್’ ಈಗ ಬಳಕೆಗೆ ಬಂದಿದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 870 ಚಿಪ್‌ಗಳ ಮೇಲೆ 27 ಔಷಧಗಳನ್ನು ಪರೀಕ್ಷಿಸಿದಾಗ, ಯಕೃತ್ತಿಗೆ ಹಾನಿಕರವಾದ ಔಷಧಗಳಲ್ಲಿ ಶೇಕಡಾ 87ರಷ್ಟನ್ನು ಅವು ಗುರುತಿಸಿದವು. ನಿರಪಾಯಕರವಾದ ಯಾವುದನ್ನೂ ಹಾನಿಕರವೆಂದು ತಪ್ಪಾಗಿ ಹೇಳಲಿಲ್ಲ.

ಜೀವಕೋಶದಲ್ಲಿ ಜೀವವಿದೆಯೇ?

ಇಲ್ಲಿ ತತ್ತ್ವದೃಷ್ಟಿಯ ಪ್ರಶ್ನೆಯೊಂದು ಏಳುತ್ತದೆ. ಪ್ರಾಣಿಯನ್ನು ಬಿಟ್ಟು ಕೋಶವನ್ನು ಹಿಂಸಿಸಿದರೆ ಅದು ಹಿಂಸೆಯಲ್ಲವೇ? ಹಿಂದಿಯಲ್ಲಿ ‘ಕೋಶಿಕಾ’ ಎಂದೂ ಮರಾಠಿಯಲ್ಲಿ ‘ಪೇಶಿ’ ಎಂದೂ ಕರೆಯುವ ವಸ್ತುವನ್ನು ಕನ್ನಡವು ‘ಜೀವಕೋಶ’ವೆಂದು ಕರೆಯುತ್ತದೆ. ಆದುದರಿಂದ ಈ ಪ್ರಶ್ನೆಯು ಕನ್ನಡಿಗನಿಗೆ ಹೆಸರಿನಲ್ಲಿಯೇ ಎದುರಾಗುತ್ತದೆ. ಆದರೆ ಹೆಸರು ಪ್ರಮಾಣವಾಗಲಾರದು, ತತ್ತ್ವವನ್ನೇ ನೋಡಬೇಕು.

ಜೈನಸಿದ್ಧಾಂತದ ಪ್ರಕಾರ ಜೀವವು ಸ್ವದೇಹಪರಿಮಾಣವುಳ್ಳದ್ದು. ದೀಪದ ಬೆಳಕು ಗುಡಾಣದೊಳಗೆ ಕುಗ್ಗಿ, ಕೋಣೆಯೊಳಗೆ ಹಿಗ್ಗುವಂತೆ, ಜೀವದ ಪ್ರದೇಶಗಳು ತಾನು ಪಡೆದ ಶರೀರಕ್ಕೆ ತಕ್ಕಂತೆ ಸಂಕೋಚ ವಿಸ್ತಾರಗಳನ್ನು ಹೊಂದುತ್ತವೆ. ಶರೀರದಿಂದ ಒಂದು ತುಣುಕು ಬೇರ್ಪಟ್ಟಾಗ ಆ ಮನುಷ್ಯನ ಜೀವವು ತುಂಡಾಗಿ ಅದರೊಂದಿಗೆ ಹೋಗುವುದಿಲ್ಲ, ಜೀವವು ಅಖಂಡ. ಆದ್ದರಿಂದ ತಟ್ಟೆಯ ಕೋಶದಲ್ಲಿ ದಾನಿಯ ಜೀವವಿಲ್ಲ. ಔಷಧವು ಆ ಕೋಶವನ್ನು ಕೊಂದಾಗ ದಾನಿಗೆ ನೋವಿಲ್ಲ, ಹಿಂಸೆಯಿಲ್ಲ. ಆದರೂ ಬೇರ್ಪಟ್ಟ ಮಾಂಸದಲ್ಲಿ ಸೂಕ್ಷ್ಮ ನಿಗೋದಜೀವಗಳು ನಿರಂತರವಾಗಿ ಉತ್ಪನ್ನವಾಗುತ್ತವೆಂದು ಆಚಾರ್ಯರು ಎಚ್ಚರಿಸಿದ್ದಾರೆ. ಉಂಡು, ಬೆಳೆದು, ಎರಡಾಗುವ ಕೋಶವನ್ನು ಸಂಪೂರ್ಣ ಅಜೀವವೆಂದು ಸಾರುವ ಸಾಹಸವನ್ನು ಶ್ರಾವಕನು ಮಾಡಬಾರದು.

ಹಾಗಾದರೆ ಎರಡೂ ಹಿಂಸೆ ಸಮಾನವೇ? ಅಲ್ಲ. ಏಕೇಂದ್ರಿಯ ಜೀವಕ್ಕೆ ಸ್ಪರ್ಶೇಂದ್ರಿಯ, ಕಾಯಬಲ, ಉಸಿರು, ಆಯುಷ್ಯ ಎಂಬ ನಾಲ್ಕು ಪ್ರಾಣಗಳು. ಮನಸ್ಸುಳ್ಳ ಪಂಚೇಂದ್ರಿಯ ಜೀವಕ್ಕೆ ಹತ್ತು ಪ್ರಾಣಗಳು. ಪಂಜರದೊಳಗಿನ ಇಲಿಯು ಕಾಣಬಲ್ಲದು, ಕೇಳಬಲ್ಲದು, ಬರುವ ಕೈಯನ್ನು ಕಂಡು ಮೂಲೆಗೆ ಸರಿಯಬಲ್ಲದು. ಭಯವುಳ್ಳ ಜೀವಿಗೆ ಸಲ್ಲುವುದೇ ಅಭಯದಾನ. ಗೃಹಸ್ಥನ ಅಣುವ್ರತವು ತ್ರಸಜೀವಗಳ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಿಸಿ, ಸ್ಥಾವರಜೀವಗಳ ಹಿಂಸೆಯನ್ನು ಅಗತ್ಯದ ಮಿತಿಗೆ ಇಳಿಸುತ್ತದೆ. ಇಲಿಯಿಂದ ತಟ್ಟೆಯ ಕೋಶಕ್ಕೆ ಬಂದ ವಿಜ್ಞಾನಿಯು, ಅರಿತೋ ಅರಿಯದೆಯೋ, ಇದೇ ಸೋಪಾನವನ್ನು ಇಳಿದಿದ್ದಾನೆ. ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬುವರು 1959ರ ತಮ್ಮ ಗ್ರಂಥದಲ್ಲಿ ಪ್ರಾಣಿಗಳ ಬದಲಿಗೆ ಪರ್ಯಾಯ, ಸಂಖ್ಯೆಯಲ್ಲಿ ಇಳಿಕೆ, ನೋವಿನ ಶಮನ ಎಂಬ ಮೂರು ಸೂತ್ರಗಳನ್ನು ಮುಂದಿಟ್ಟರು. ಅಣುವ್ರತದ ಅಭ್ಯಾಸವುಳ್ಳವರಿಗೆ ಈ ಮೂರೂ ಪರಿಚಿತವಾಗಿಯೇ ತೋರುತ್ತವೆ.

ತಟ್ಟೆಯ ಹಿಂದಿರುವ ಹಿಂಸೆ

ಸರಕನ್ನು ಕೊಳ್ಳುವ ಜಾಣ ವರ್ತಕನು ಮೇಲಿನ ಪದರವನ್ನು ಮಾತ್ರ ನೋಡುವುದಿಲ್ಲ. ಚೀಲದ ತಳಕ್ಕೂ ಕೈಹಾಕಿ ನೋಡುತ್ತಾನೆ. ಹಾಗೆ ನೋಡಿದಾಗ ಕೋಶಕೃಷಿಯ ತಳದಲ್ಲಿಯೂ ಹಿಂಸೆ ಕಾಣುತ್ತದೆ. ಕೋಶಗಳನ್ನು ಪೋಷಿಸಲು ಬಹುಕಾಲದಿಂದ ಬಳಸುತ್ತಿರುವುದು ಗೋಭ್ರೂಣದ ರಕ್ತಸಾರ. ಕಸಾಯಿಖಾನೆಯಲ್ಲಿ ಗಬ್ಬದ ಹಸುವನ್ನು ಕೊಂದಾಗ ಅದರ ಗರ್ಭದಲ್ಲಿದ್ದ ಕರುವಿನ ಹೃದಯದಿಂದ ತೆಗೆದ ರಕ್ತದಿಂದ ಅದನ್ನು ತಯಾರಿಸುತ್ತಾರೆ. ತಟ್ಟೆಗೆ ಬಳಿಯುವ ಕೊಲಾಜೆನ್ ಅನೇಕ ವೇಳೆ ಇಲಿಯ ಬಾಲದಿಂದ ಬಂದುದು. ‘ಪ್ರಾಣಿರಹಿತ ಪರೀಕ್ಷೆ’ ಎಂಬ ಚೀಟಿಯಂಟಿಸಿದ ಮಾತ್ರಕ್ಕೆ ಮನಸ್ಸನ್ನು ಸಮಾಧಾನಪಡಿಸಿಕೊಳ್ಳುವುದು ಪ್ರಮಾದ. ರಾಗದ್ವೇಷದಿಂದಲೂ ಅಜಾಗ್ರತೆಯಿಂದಲೂ ಪ್ರಾಣಗಳಿಗೆ ಆಗುವ ಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರಕಾರರು ನಿರೂಪಿಸಿದ್ದರಲ್ಲಿ, ನೋಡದೆ ನಡೆಯುವ ಪ್ರಮಾದಕ್ಕೆ ಮೊದಲ ಸ್ಥಾನವಿದೆ.

ಸಂತೋಷದ ಸಂಗತಿಯೆಂದರೆ ಇದಕ್ಕೂ ಪರ್ಯಾಯಗಳು ಬಂದಿವೆ. ರಕ್ತಸಾರವಿಲ್ಲದೆ ಇನ್ಸುಲಿನ್, ಲವಣ, ಜೀವಸತ್ತ್ವಗಳಿಂದ ಸಿದ್ಧಪಡಿಸಿದ ಪೋಷಕ ದ್ರವಗಳಲ್ಲಿ ಯಕೃತ್ತಿನ ಕೋಶಗಳನ್ನು ಇರಿಸಬಹುದಾಗಿದೆ. ಮನುಷ್ಯರ ರಕ್ತದಾನದಿಂದ ದೊರೆಯುವ ಅಂಶವನ್ನೂ ಕೆಲವೆಡೆ ಬಳಸುತ್ತಾರೆ. ಇನ್ಸುಲಿನ್ನಿನ ಇತಿಹಾಸವೂ ಇಲ್ಲಿ ಆಶಾದಾಯಕ. ಹಿಂದೆ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಆ ಔಷಧವನ್ನು ಸೂಕ್ಷ್ಮಾಣುಗಳ ಮೂಲಕ ತಯಾರಿಸಲು ಸಾಧ್ಯವಾಗಿ, 1982ರಲ್ಲಿ ಅಮೆರಿಕವು ಅದಕ್ಕೆ ಅನುಮತಿಯನ್ನಿತ್ತಿತು. ಬದಲಾವಣೆಯಾದದ್ದು ಅಹಿಂಸೆಯ ಉದ್ದೇಶದಿಂದಲ್ಲ. ಶುದ್ಧವಾದ ಔಷಧ ಧಾರಾಳವಾಗಿ ಬೇಕೆಂಬ ಉದ್ದೇಶದಿಂದ. ಆದರೂ ಉಳಿದ ಪ್ರಾಣಗಳು ಉಳಿದುವು.

ಇನ್ನೊಂದು ಬಗೆಯ ಋಣವೂ ಇದೆ. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಮಹಿಳೆಯ ಗಡ್ಡೆಯ ಕೋಶಗಳನ್ನು ಅವಳ ಒಪ್ಪಿಗೆ ಕೇಳದೆ ಸಂಶೋಧನೆಗೆ ತೆಗೆದುಕೊಂಡರು. ಅವಳು ಅದೇ ವರ್ಷ ತೀರಿಕೊಂಡಳು; ಕೋಶಗಳು ಲೋಕವೆಲ್ಲ ಹರಡಿದವು; ಅವಳ ಮನೆಯವರಿಗೆ ಆ ಸಂಗತಿ ತಿಳಿದದ್ದು ಎರಡು ದಶಕಗಳ ಮೇಲೆ. ಕೊಡದುದನ್ನು ತೆಗೆದುಕೊಳ್ಳಬಾರದೆಂಬ ಅಚೌರ್ಯ ವ್ರತವು ಹಣಕ್ಕೆ, ಧಾನ್ಯಕ್ಕೆ ಮಾತ್ರ ಸೀಮಿತವಲ್ಲವೆಂಬುದಕ್ಕೆ ಇದು ದೃಷ್ಟಾಂತ. ಪ್ರಾಣಿಯನ್ನು ಉಳಿಸುವ ದಾರಿಯಲ್ಲಿ ಬಡವನ ಹಕ್ಕನ್ನು ಅಪಹರಿಸಿದರೆ ಒಂದು ವ್ರತವನ್ನು ಕಾಯಲು ಇನ್ನೊಂದನ್ನು ಮುರಿದಂತಾಗುತ್ತದೆ.

ಔಷಧ ಸೇವಿಸುವವನ ಪಾಲು

ಕೃತ, ಕಾರಿತ, ಅನುಮತ ಎಂದು ಮೂರು ವಿಧವಾಗಿ, ಮನಸ್ಸು, ಮಾತು, ಕಾಯಗಳಿಂದ ಹಿಂಸೆಯು ಅಂಟುತ್ತದೆ. ಔಷಧವನ್ನು ಸೇವಿಸುವವನು ಪ್ರಾಣಿಯನ್ನು ಕೊಂದವನಲ್ಲ, ಕೊಲ್ಲಿಸಿದವನೂ ಅಲ್ಲ. ಅವನ ಅನುಮತಿಯಾದರೂ ಇದೆಯೇ? ಜೈನಾಚಾರ್ಯರು ಕೊಡುವ ಪ್ರಸಿದ್ಧ ದೃಷ್ಟಾಂತವೊಂದಿದೆ. ದಿನವಿಡೀ ಬಲೆ ಬೀಸಿಯೂ ಮೀನು ಸಿಗದ ಬೆಸ್ತನು ಹಿಂಸಕ. ಉಳುವಾಗ ಅನೇಕ ಕ್ರಿಮಿಗಳು ಸತ್ತರೂ ರೈತನು ಅವನಂತೆ ಹಿಂಸಕನಲ್ಲ. ಭಾವವೇ ಇಲ್ಲಿ ನಿರ್ಣಾಯಕ. ಮಗುವಿನ ಜ್ವರವಿಳಿಯಲೆಂದು ಔಷಧ ಕುಡಿಸುವ ತಾಯಿಯ ಭಾವದಲ್ಲಿ ಪ್ರಾಣಿಯ ಮರಣದ ಬಯಕೆಯಿಲ್ಲ. ಅವಳನ್ನು ಪಾಪದ ಭಯದಿಂದ ಅಂಜಿಸಿ, ಮಗುವಿಗೆ ಚಿಕಿತ್ಸೆ ತಪ್ಪುವಂತೆ ಮಾಡುವವನೇ ಹಿಂಸೆಗೆ ಗುರಿಯಾಗುತ್ತಾನೆ. ಕ್ಷಯ, ಮಧುಮೇಹ, ಹೃದ್ರೋಗಗಳಿಗೆ ವೈದ್ಯರು ವಿಧಿಸಿದ ಔಷಧವನ್ನು ಧರ್ಮದ ಹೆಸರಿನಲ್ಲಿ ಯಾರೂ ಬಿಡತಕ್ಕದ್ದಲ್ಲ.

ಆದರೆ ದೃಷ್ಟಾಂತದ ಇನ್ನೊಂದು ಮುಖವನ್ನೂ ಮರೆಯಲಾಗದು. ಹುಳುವಿಲ್ಲದ ದಾರಿ ಪಕ್ಕದಲ್ಲಿಯೇ ಇರುವುದನ್ನು ಕಂಡೂ ಹುಳುವಿನ ಮೇಲೆಯೇ ನೇಗಿಲು ನಡೆಸಿದರೆ ರೈತನ ಭಾವವೂ ಶುದ್ಧವಾಗಿ ಉಳಿಯದು. ಪರ್ಯಾಯವೇ ಇಲ್ಲದ ಕಾಲದಲ್ಲಿ ಅನಿವಾರ್ಯವಾಗಿದ್ದುದು, ಪರ್ಯಾಯ ದೊರೆತ ದಿನದಿಂದ ಅನಿವಾರ್ಯವಾಗಿ ಉಳಿಯುವುದಿಲ್ಲ. ಅಲ್ಲಿಂದ ಮುಂದೆ ಅದು ಆಯ್ಕೆಯಾಗುತ್ತದೆ; ಆಯ್ಕೆಯಾದ ಹಿಂಸೆಯು ಸಂಕಲ್ಪೀ ಹಿಂಸೆಗೆ ಸಮೀಪವಾದುದು. ಯಕೃತ್ತಿನ ಕೋಶಗಳು ಈ ಕಾಲದ ಶ್ರಾವಕನಿಗೂ ವಿಜ್ಞಾನಿಗೂ ಒಡ್ಡಿರುವ ಪ್ರಶ್ನೆಯ ತಿರುಳು ಇದೇ. ರಾಜ್ಯಶಾಸನವೂ ಇದನ್ನು ಕ್ರಮೇಣ ಒಪ್ಪತೊಡಗಿದೆ. ಭಾರತವು 2014ರಲ್ಲಿ ಸೌಂದರ್ಯ ಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. ಹೊಸ ಔಷಧಗಳ ನಿಯಮಗಳಿಗೆ 2023ರಲ್ಲಿ ಮಾಡಿದ ತಿದ್ದುಪಡಿಯು ಕೋಶಕೃಷಿ, ಚಿಪ್ ಮೊದಲಾದ ಪ್ರಾಣಿಯೇತರ ವಿಧಾನಗಳಿಗೆ ಮನ್ನಣೆ ನೀಡಿತು. ಅಮೆರಿಕವೂ 2022ರ ಕೊನೆಯಲ್ಲಿ ಇಂತಹುದೇ ಶಾಸನವನ್ನು ಮಾಡಿತು.

ಶ್ರಾವಕನ ಕರ್ತವ್ಯ

ಮಾತು ಕೃತಿಯಲ್ಲಿ ಮುಗಿಯಬೇಕು. ಪ್ರತಿಯೊಬ್ಬ ಗೃಹಸ್ಥನೂ ಮಾಡಬಹುದಾದ ಕೆಲವು ಕಾರ್ಯಗಳಿವೆ.

ಮೊದಲನೆಯದು, ಔಷಧದಲ್ಲಿ ಮಿತಿ. ವೈದ್ಯರನ್ನು ಕೇಳದೆ ನೋವಿಗೊಂದು, ನಿದ್ದೆಗೊಂದು ಗುಳಿಗೆ ನುಂಗುವ ರೂಢಿಯು ತನ್ನ ಯಕೃತ್ತಿಗೇ ಹಿಂಸೆ. ನೆಗಡಿಯ ಗುಳಿಗೆಯಲ್ಲಿಯೂ ನೋವಿನ ಗುಳಿಗೆಯಲ್ಲಿಯೂ ಪ್ಯಾರಾಸಿಟಮಾಲ್ ಸೇರಿರುವುದನ್ನರಿಯದೆ ಎರಡನ್ನೂ ಸೇವಿಸಿದರೆ ಮಿತಿಯು ತಿಳಿಯದೆಯೇ ಮೀರಿಹೋಗುತ್ತದೆ. ಎಷ್ಟೋ ಜೀವಿಗಳ ಪ್ರಾಣವನ್ನು ತೆತ್ತು ಪಡೆದ ಔಷಧವನ್ನು ವ್ಯರ್ಥವಾಗಿ ಕೊಂಡು, ಅವಧಿ ಮೀರಿಸಿ ಎಸೆಯುವುದೂ ಒಂದು ಬಗೆಯ ಅನರ್ಥದಂಡ.

ಎರಡನೆಯದು, ಪ್ರಶ್ನಿಸುವುದು. ಔಷಧದ ವ್ಯಾಪಾರದಲ್ಲಿಯೂ ತಯಾರಿಕೆಯಲ್ಲಿಯೂ ತೊಡಗಿರುವ ಜೈನ ಕುಟುಂಬಗಳು ಗುಜರಾತಿ, ಮಾರವಾಡಿ, ಮರಾಠಿ, ಕನ್ನಡ ಎಂಬ ಭೇದವಿಲ್ಲದೆ ಅನೇಕವಿವೆ. ಅವರು ಕೇಳಿದರೆ ಕಂಪನಿಗಳು ಉತ್ತರಿಸಲೇಬೇಕು. ಗಿರಾಕಿ ಕೇಳದ ಗುಣವನ್ನು ಯಾವ ಅಂಗಡಿಯವನೂ ಕಪಾಟಿನಲ್ಲಿಡುವುದಿಲ್ಲ. ಪ್ರಾಣಿಯೇತರ ಪರೀಕ್ಷೆಯನ್ನು ಅಭ್ಯಸಿಸುವ ಬಡ ವಿದ್ಯಾರ್ಥಿಗೆ ವಿದ್ಯಾರ್ಥಿವೇತನ ನೀಡಿದರೆ ಶಾಸ್ತ್ರದಾನ, ಔಷಧದಾನ, ಅಭಯದಾನ ಮೂರೂ ಒಂದೇ ಕೈಯಿಂದ ಸಲ್ಲುತ್ತವೆ.

ಮೂರನೆಯದು ಎಲ್ಲಕ್ಕಿಂತ ಹಿರಿದು. ಮನುಷ್ಯನ ಯಕೃತ್ತಿನ ಕೋಶಗಳು ಪರೀಕ್ಷೆಗೆ ಬೇಕೆಂದರೆ ಅವುಗಳನ್ನು ಯಾರಾದರೂ ಕೊಡಲೇಬೇಕು. ನೇತ್ರದಾನದಲ್ಲಿ ಮುಂದಿರುವ ಜೈನ ಸಮಾಜವು ಅಂಗದಾನಕ್ಕೂ ಸಂಕಲ್ಪಿಸಬೇಕು. ಮೆದುಳು ನಿಷ್ಕ್ರಿಯವಾಗಿ ಮರಣ ಘೋಷಿತವಾದವರ ಅಂಗಗಳನ್ನು ಕುಟುಂಬದ ಸಮ್ಮತಿಯಿಂದ ದಾನ ಮಾಡಲು 1994ರ ಕಾಯಿದೆಯು ಅವಕಾಶ ನೀಡಿದೆ. ಯಕೃತ್ತು ಕಸಿಗೆ ಯೋಗ್ಯವಾದರೆ ಒಬ್ಬ ರೋಗಿ ಬ‌ದುಕುತ್ತಾನೆ; ಅಯೋಗ್ಯವಾದರೆ, ದಾನಿಯ ಕುಟುಂಬದವರ ಒಪ್ಪಿಗೆಯಿಂದ ಸಂಶೋಧನೆಗೆ ಸಂದು, ಅದರ ಕೋಶಗಳು ಎಷ್ಟೋ ಪ್ರಾಣಿಗಳ ಬದಲಿಗೆ ಸಾಕ್ಷಿ ನುಡಿಯುತ್ತವೆ. ದೇಹವು ಆತ್ಮಕ್ಕಿಂತ ಬೇರೆಯೆಂಬ ಭೇದವಿಜ್ಞಾನವನ್ನು ಪ್ರವಚನದಲ್ಲಿ ಕೇಳಿ ತಲೆದೂಗುವುದು ಸುಲಭ. ಬಿಟ್ಟುಹೋಗುವ ದೇಹದ ಮೇಲಿನ ಮಮಕಾರವನ್ನು ಒಂದು ಒಪ್ಪಿಗೆಪತ್ರದ ಮೇಲೆ ರುಜುಮಾಡಿ ಬಿಡುವುದು ಆ ಜ್ಞಾನದ ಪರೀಕ್ಷೆ.

ಇಲಿಯ ಪಂಜರವನ್ನು ತೆರೆಯಬೇಕೆಂದು ಬಯಸುವವನು ಅದರ ಸ್ಥಾನದಲ್ಲಿ ತನ್ನದೇನನ್ನಾದರೂ ಇಡಲು ಸಿದ್ಧನಾಗಬೇಕು. ಮದ್ಯ, ಮಾಂಸ, ಮಧುವಿನ ಬದಲಿಗೆ ಗಿಡಮೂಲಿಕೆಯನ್ನಿಟ್ಟ ಪೂರ್ವಾಚಾರ್ಯರು ತೋರಿದ ದಾರಿ ಅದೇ. ಈ ವರ್ಷದ ಉತ್ಸವದಲ್ಲಿ ಭಗವಂತನ ಅಭಿಷೇಕವನ್ನು ಕಂಡು ಮನೆಗೆ ಮರಳುವ ಪ್ರತಿಯೊಂದು ಕುಟುಂಬದಲ್ಲಿಯೂ ಇದರ ಚರ್ಚೆಯಾಗಲಿ. ಚತುರ್ವಿಧ ದಾನಗಳು ಮತ್ತೆ ವಿರೋಧವಿಲ್ಲದೆ ಒಂದಾಗಲಿ. ಸಕಲ ಜೀವಿಗಳಿಗೂ ಅಭಯವುಂಟಾಗಲಿ.

ಜೈ ಜಿನೇಂದ್ರ.